ಕಮ್ಯುನಿಟಿ ಕಾಲೇಜಿನಿಂದ ವಿಶ್ವವಿದ್ಯಾಲಯಕ್ಕೆ: ಕಮ್ಯುನಿಕೇಷನ್ ಓದಲು ಹೊರಟವರಿಗೆ

ಪ್ರಶ್ನೆ: ನಾವು ಹನ್ನೊಂದು ವರ್ಷಗಳಿಂದ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿದ್ದೇವೆ. ಮಗಳು ಈ ವರ್ಷ ಹೈಸ್ಕೂಲು ಮುಗಿಸುತ್ತಾಳೆ. ನೇರವಾಗಿ ವಿಶ್ವವಿದ್ಯಾಲಯಕ್ಕೆ ಹೋಗದೆ, ಹತ್ತಿರದ ಡಿ ಆಂಜಾ ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಕಮ್ಯುನಿಕೇಷನ್ ಓದಿ, ಬಳಿಕ ಸ್ಯಾನ್ ಹೊಸೆ ಸ್ಟೇಟ್‌ಗೋ ಯು.ಸಿ. ಡೇವಿಸ್‌ಗೋ ಹೋಗುತ್ತೇನೆ ಎನ್ನುತ್ತಾಳೆ. ನಮ್ಮ ಯಜಮಾನರಿಗೆ ಇದು ಹಿಂಬಾಗಿಲಿನ ದಾರಿ ಎನಿಸಿದೆ. ಅವರದು ಉದ್ಯೋಗದ ಎಚ್-1ಬಿ ವೀಸಾ, ನನ್ನದೂ ಮಗಳದೂ ಅವರ ಅವಲಂಬಿತರಿಗೆ ಸಿಗುವ ಎಚ್-4. ಈ ದಾರಿ ಹಿಡಿಯಬಹುದೇ?
– ಒಬ್ಬ ತಾಯಿ, ಸನ್ನಿವೇಲ್

ಉತ್ತರ: ಹಿಡಿಯಬಹುದು. ಯಜಮಾನರ ಸಂಶಯಕ್ಕೆ ಮೊದಲು ಉತ್ತರಿಸುತ್ತೇನೆ. ನಮ್ಮೂರಿನಲ್ಲಿ ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮುಗಿಸಿ, ಲ್ಯಾಟರಲ್ ಎಂಟ್ರಿಯ ಮೂಲಕ ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಸೇರಿದವರನ್ನು ಅವರೂ ಕಂಡಿರುತ್ತಾರೆ. ಅಂಥವರ ಪದವಿಯನ್ನು ಯಾರೂ ಅರ್ಧ ಪದವಿ ಎನ್ನುವುದಿಲ್ಲ. ಇಲ್ಲಿಯದೂ ಅದೇ ಬಗೆಯ ಏರ್ಪಾಡು. ಯು.ಸಿ. (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ವಿಶ್ವವಿದ್ಯಾಲಯಗಳು, ಸಿ.ಎಸ್.ಯು. (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ) ವಿಶ್ವವಿದ್ಯಾಲಯಗಳು ಮತ್ತು ಎಲ್ಲರಿಗೂ ಬಾಗಿಲು ತೆರೆದ ಕಮ್ಯುನಿಟಿ ಕಾಲೇಜುಗಳು ಎಂಬ ಮೂರು ಹಂತಗಳನ್ನು ಕ್ಯಾಲಿಫೋರ್ನಿಯಾ ತನ್ನ 1960ರ ಮಾಸ್ಟರ್ ಪ್ಲಾನ್‌ನಲ್ಲಿ ರೂಪಿಸಿದಾಗ, ಕೆಳಗಿನ ಹಂತದಿಂದ ಮೇಲಕ್ಕೆ ಹೋಗುವ ದಾರಿಯನ್ನೂ ಉದ್ದೇಶಪೂರ್ವಕವಾಗಿಯೇ ಇಟ್ಟಿತು. ಕೊನೆಗೆ ಕೈಗೆ ಬರುವ ಪದವಿ ಪ್ರಮಾಣಪತ್ರ ವಿಶ್ವವಿದ್ಯಾಲಯದ್ದೇ.

ಆದರೆ ಲ್ಯಾಟರಲ್ ಎಂಟ್ರಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಅಲ್ಲಿ ಯಾವ ವಿಷಯಗಳನ್ನು ಓದಬೇಕೆಂಬುದನ್ನು ಮಂಡಳಿಯೇ ನಿಗದಿ ಮಾಡಿರುತ್ತದೆ. ಇಲ್ಲಿ ಮುಂದೆ ಸೇರಲಿರುವ ವಿಭಾಗ ಏನನ್ನು ಕೇಳುತ್ತದೆಂದು ತಿಳಿದುಕೊಂಡು ವಿಷಯಗಳನ್ನು ಹೊಂದಿಸಿಕೊಳ್ಳುವ ಹೊಣೆ ವಿದ್ಯಾರ್ಥಿಯದು. ಕಮ್ಯುನಿಕೇಷನ್ ಓದುವವರಿಗೆ ಈ ಹೊಣೆ ಇನ್ನಷ್ಟು ಭಾರವಾಗಲು ಕಾರಣ, ಆ ಒಂದೇ ಹೆಸರಿನ ಕೆಳಗೆ ಹಲವು ಬೇರೆ ಬೇರೆ ಓದುಗಳಿರುವುದು. ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್‌ನಲ್ಲಿ ಕಮ್ಯುನಿಕೇಷನ್ ಸ್ಟಡೀಸ್, ಪತ್ರಿಕೋದ್ಯಮ ಮತ್ತು ಪ್ರಸಾರ ಮಾಧ್ಯಮ ಮೂರೂ ಬೇರೆ ಬೇರೆ ಓದುಗಳು. ನಿಮ್ಮ ಮಗಳು ಹೇಳುವ ಸ್ಯಾನ್ ಹೊಸೆ ಸ್ಟೇಟ್‌ನಲ್ಲೂ ಕಮ್ಯುನಿಕೇಷನ್ ಸ್ಟಡೀಸ್ ಒಂದು ಕಡೆ, ಪತ್ರಿಕೋದ್ಯಮ ಮತ್ತು ಸಮೂಹ ಸಂವಹನ ಇನ್ನೊಂದು ಕಡೆ. ಮೊದಲನೆಯದರಲ್ಲಿ ಭಾಷಣ, ವಾದ, ವ್ಯಕ್ತಿ-ವ್ಯಕ್ತಿಗಳ ನಡುವಿನ ಸಂವಹನ ಮತ್ತು ಸಂಸ್ಥೆಗಳೊಳಗಿನ ಮಾತುಕತೆಯ ಅಧ್ಯಯನ ನಡೆಯುತ್ತದೆ. ಎರಡನೆಯದರಲ್ಲಿ ಸುದ್ದಿ ಬರೆಯುವುದನ್ನು ಮತ್ತು ಸಾರ್ವಜನಿಕ ಸಂಪರ್ಕದ ಕೆಲಸವನ್ನು ಕಲಿಸುತ್ತಾರೆ. ಡೇವಿಸ್‌ನ ಕಮ್ಯುನಿಕೇಷನ್ ಇವೆರಡಕ್ಕಿಂತಲೂ ಭಿನ್ನವಾಗಿ, ಸಂಖ್ಯಾಶಾಸ್ತ್ರವನ್ನು ಬೇಡುವ, ಸಂಶೋಧನೆಯತ್ತ ಒಲವಿರುವ ಸಮಾಜವಿಜ್ಞಾನ. ಕ್ಯಾಮೆರಾದ ಮುಂದೆ ನಿಲ್ಲುವ ಆಸೆಯಿಂದ ಅಲ್ಲಿಗೆ ಹೋಗಿ ಸಮೀಕ್ಷೆಯ ಕೋಷ್ಟಕಗಳ ಮುಂದೆ ಕುಳಿತ ಮಗುವಿಗೆ ಆಗುವ ನಿರಾಸೆಯನ್ನು ಊಹಿಸಿಕೊಳ್ಳಿ. ಆದ್ದರಿಂದ ಮೂರನೇ ವರ್ಷದಲ್ಲಿ ಏನು ಓದಬೇಕೆಂಬುದನ್ನು ಮಗಳು ಮೊದಲು ತೀರ್ಮಾನಿಸಲಿ, ಮೊದಲ ವರ್ಷದ ತರಗತಿಗಳನ್ನು ಆಮೇಲೆ ಆರಿಸಿಕೊಳ್ಳಲಿ. ಯಾವ ಕಾಲೇಜಿನ ಯಾವ ವಿಷಯ ಯಾವ ವಿಶ್ವವಿದ್ಯಾಲಯದ ಯಾವ ವಿಷಯಕ್ಕೆ ಸಮ ಎಂಬುದನ್ನು ಅಸಿಸ್ಟ್ ಎಂಬ ಸಾರ್ವಜನಿಕ ಜಾಲತಾಣ ತೋರಿಸುತ್ತದೆ. ಪ್ರತಿ ಅವಧಿಯ ನೋಂದಣಿಗೆ ಮುಂಚೆ ಅದನ್ನು ನೋಡಿಕೊಂಡು, ಕಾಲೇಜಿನ ಸಲಹೆಗಾರರೊಂದಿಗೂ ಮಾತನಾಡಲಿ.

ಸ್ಯಾನ್ ಹೊಸೆ ಸ್ಟೇಟ್ ಸೇರಿರುವ ಸಿ.ಎಸ್.ಯು. ವ್ಯವಸ್ಥೆಗೆ ಹೋಗುವವರಿಗಾಗಿ, 2010ರ ಒಂದು ಕಾನೂನಿನಿಂದ ಹುಟ್ಟಿದ ಅಸೋಸಿಯೇಟ್ ಡಿಗ್ರಿ ಫಾರ್ ಟ್ರಾನ್ಸ್‌ಫರ್ ಎಂಬ ಎರಡು ವರ್ಷದ ಪದವಿಯಿದೆ. ಕಮ್ಯುನಿಕೇಷನ್ ಸ್ಟಡೀಸ್‌ನಲ್ಲೂ ಇದು ಸಿಗುತ್ತದೆ. 60 ಸೆಮಿಸ್ಟರ್ ಯೂನಿಟ್‌ಗಳಲ್ಲಿ (ಯೂನಿಟ್ ಎಂದರೆ ಓದಿನ ಅಳತೆ, ಕ್ರೆಡಿಟ್) ಇದನ್ನು ಮುಗಿಸಿದವರಿಗೆ ಸಿ.ಎಸ್.ಯು. ವ್ಯವಸ್ಥೆಯಲ್ಲಿ ಒಂದು ಸ್ಥಾನ ಖಚಿತ, ಹೊಂದುವ ವಿಷಯದಲ್ಲಿ ಇನ್ನು 60 ಯೂನಿಟ್ ಓದಿದರೆ ಬ್ಯಾಚುಲರ್ ಪದವಿ. ಖಚಿತವಾಗಿರುವುದು ವ್ಯವಸ್ಥೆಯಲ್ಲಿ ಎಲ್ಲೋ ಒಂದು ಕಡೆಯ ಸ್ಥಾನವೇ ಹೊರತು ಸ್ಯಾನ್ ಹೊಸೆಯದ್ದೇ ಅಲ್ಲ ಎಂಬ ಸೂಕ್ಷ್ಮವನ್ನು ಬಹಳ ಪೋಷಕರು ಗಮನಿಸುವುದಿಲ್ಲ. ಯು.ಸಿ.ಯ ಏರ್ಪಾಡು ಬೇರೆ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ ಮತ್ತು ಸಾಂಟಾ ಕ್ರೂಜ್ ಈ ಆರು ಕ್ಯಾಂಪಸ್‌ಗಳು ಟ್ಯಾಗ್ ಎಂಬ ಪ್ರವೇಶ ಭರವಸೆ ಕೊಡುತ್ತವೆ. ಬರ್ಕ್ಲಿ, ಲಾಸ್ ಏಂಜಲೀಸ್ ಮತ್ತು ಸ್ಯಾನ್ ಡಿಯಾಗೊ ಕೊಡುವುದಿಲ್ಲ. ಟ್ಯಾಗ್ ಕೋರಿಕೆಯನ್ನು ಒಂದೇ ಕ್ಯಾಂಪಸ್‌ಗೆ, ಸೇರುವುದಕ್ಕೆ ಹಿಂದಿನ ವರ್ಷದ ಸೆಪ್ಟೆಂಬರ್ ತಿಂಗಳಲ್ಲಿ ಸಲ್ಲಿಸಬೇಕು. ಅಂದರೆ ಎರಡನೇ ವರ್ಷದ ತರಗತಿಗಳು ಶುರುವಾಗುವ ಹೊತ್ತಿಗೇ ಗುರಿ ನಿಶ್ಚಯವಾಗಿರಬೇಕು.

ಓದಿನ ಒಳವಿವರಕ್ಕೆ ಬಂದರೆ, ಸಾರ್ವಜನಿಕ ಭಾಷಣದ ತರಗತಿಯನ್ನು ಮೊದಲ ವರ್ಷದಲ್ಲೇ ಮುಗಿಸುವುದು ಒಳ್ಳೆಯದು. ಮೌಖಿಕ ಸಂವಹನ ಅವಳ ಮುಖ್ಯ ವಿಷಯಕ್ಕೆ ಮಾತ್ರವಲ್ಲ, ಮುಖ್ಯ ವಿಷಯ ಯಾವುದಾದರೂ ಎಲ್ಲರೂ ಓದಬೇಕಾದ ಸಾಮಾನ್ಯ ಶಿಕ್ಷಣದ ಪಟ್ಟಿಗೂ ಸೇರಿದ ಅವಶ್ಯಕತೆ. 2025ರ ಶರತ್ಕಾಲದಲ್ಲಿ ಸೇರಿದವರಿಂದ ಮೊದಲುಗೊಂಡು ಎರಡೂ ವ್ಯವಸ್ಥೆಗಳಿಗೆ ಅನ್ವಯಿಸುವ ಕ್ಯಾಲ್-ಗೆಟ್ಸಿ ಪಟ್ಟಿಯಲ್ಲಿ ಅದು ಇದೆ. ಡೇವಿಸ್‌ನ ಆಸೆಯಿದ್ದರೆ ಸಂಖ್ಯಾಶಾಸ್ತ್ರವನ್ನು ಮುಂದೂಡಬಾರದು. ಡಿ ಆಂಜಾದಲ್ಲಿ ಸೆಮಿಸ್ಟರ್‌ಗಿಂತ ಚಿಕ್ಕ ಅವಧಿಗಳ ಕ್ವಾರ್ಟರ್ ಪದ್ಧತಿಯಿರುವುದರಿಂದ 60 ಸೆಮಿಸ್ಟರ್ ಯೂನಿಟ್ ಎಂದರೆ ಅಲ್ಲಿ 90 ಕ್ವಾರ್ಟರ್ ಯೂನಿಟ್. ಶುಲ್ಕದ ವಿಷಯ ಹೇಳುವಷ್ಟು ದೊಡ್ಡದಲ್ಲ, ಅದೇ ಈ ದಾರಿಯ ಸೊಗಸು: ರಾಜ್ಯದ ನಿವಾಸಿಗಳಿಗೆ ಸೆಮಿಸ್ಟರ್ ಯೂನಿಟ್‌ಗೆ 46 ಡಾಲರ್, 60 ಯೂನಿಟ್‌ಗೆ 2,760 ಡಾಲರ್. ಪುಸ್ತಕ ಮತ್ತು ಸಣ್ಣಪುಟ್ಟ ಶುಲ್ಕಗಳು ಬೇರೆ.

ನೀವು ಕೊನೆಯಲ್ಲಿ ಒಂದು ಸಾಲಿನಲ್ಲಿ ಬರೆದಿರುವ ವೀಸಾ ವಿಚಾರವೇ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯ. ಎಚ್-4ನಲ್ಲಿರುವವರು ಓದಬಹುದು, ರಾಜ್ಯದಲ್ಲಿ ನೆಲೆಸಿದ ಅವಧಿಯ ಆಧಾರದ ಮೇಲೆ ನಿವಾಸಿ ಶುಲ್ಕಕ್ಕೂ ಅರ್ಹರಾಗಬಹುದು. ಆದರೆ 21 ತುಂಬಿದ ದಿನ ಮಕ್ಕಳ ಎಚ್-4 ಮುಗಿಯುತ್ತದೆ. ಹದಿನೆಂಟಕ್ಕೆ ಹೈಸ್ಕೂಲು ಮುಗಿಸಿ ಇಪ್ಪತ್ತಕ್ಕೆ ವರ್ಗಾವಣೆಯಾದವಳಿಗೆ ಆ ದಿನ ಬರುವುದು ವಿಶ್ವವಿದ್ಯಾಲಯದ ಮೊದಲ ವರ್ಷದಲ್ಲೇ. ಅಷ್ಟರೊಳಗೆ ಗ್ರೀನ್ ಕಾರ್ಡ್ ಬರದಿದ್ದರೆ ಎಫ್-1 ಎಂಬ ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕಾಗುತ್ತದೆ, ಮತ್ತು ಎಫ್-1ನಲ್ಲಿರುವವರನ್ನು ಸಾಮಾನ್ಯವಾಗಿ ರಾಜ್ಯದ ಅನಿವಾಸಿಗಳೆಂದೇ ಎಣಿಸಿ ಹೆಚ್ಚು ಶುಲ್ಕ ಹಾಕುವುದರಿಂದ ಉಳಿಸಿದ ಹಣಕ್ಕಿಂತ ಹೆಚ್ಚು ಹಣ ಕೊನೆಯ ಎರಡು ವರ್ಷಗಳಲ್ಲಿ ಹೋಗಬಹುದು. ನೇರವಾಗಿ ವಿಶ್ವವಿದ್ಯಾಲಯಕ್ಕೆ ಸೇರಿದರೂ ಇದು ತಪ್ಪುವುದಿಲ್ಲವಾದ ಕಾರಣ ಇದನ್ನು ಕಮ್ಯುನಿಟಿ ಕಾಲೇಜಿನ ದೋಷವೆನ್ನಲಾಗದು. ಆದರೂ ಎರಡೂ ವಿಶ್ವವಿದ್ಯಾಲಯಗಳ ಶುಲ್ಕ-ನಿವಾಸ ಕಚೇರಿಗಳಿಗೆ ಈಗಲೇ ಬರೆದು ಕೇಳಿ, ವಲಸೆ ವಕೀಲರೊಬ್ಬರನ್ನೂ ಕಾಣಿ. ಎಚ್-4ನಲ್ಲಿರುವ ಮಕ್ಕಳು ಸಂಬಳದ ಕೆಲಸ ಮಾಡುವಂತಿಲ್ಲವಾದ್ದರಿಂದ, ಈ ವಿಷಯದವರಿಗೆ ಅಗತ್ಯವಾದ ಅನುಭವವನ್ನು ಅವಳು ಕಾಲೇಜಿನೊಳಗೇ ಗಳಿಸಬೇಕು. ಡಿ ಆಂಜಾದಲ್ಲಿ ಲಾ ವೋಸ್ ಎಂಬ ವಿದ್ಯಾರ್ಥಿ ಪತ್ರಿಕೆಯಿದೆ. ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ನಿರೂಪಣೆ ಮಾಡಿದ್ದರೆ ಅರ್ಜಿಯ ಪ್ರಬಂಧದಲ್ಲಿ ಅದನ್ನೂ ಧೈರ್ಯವಾಗಿ ಬರೆಯಲಿ. ಎರಡು ಭಾಷೆಗಳ ಸಭಿಕರನ್ನು ಒಟ್ಟಿಗೆ ಹಿಡಿದಿಡುವುದು ಸಣ್ಣ ವಿದ್ಯೆಯಲ್ಲ.

ಪ್ರಶ್ನೆ: ಮೈಸೂರಿನಲ್ಲಿ ಪತ್ರಿಕೋದ್ಯಮವನ್ನು ಒಂದು ವಿಷಯವಾಗಿಟ್ಟುಕೊಂಡು ಬಿ.ಎ. ಎರಡನೇ ವರ್ಷ ಓದುತ್ತಿದ್ದೇನೆ. ಇದನ್ನು ಬಿಟ್ಟು ಅಮೆರಿಕದ ಕಮ್ಯುನಿಟಿ ಕಾಲೇಜಿಗೆ ಸೇರಿ, ಅಲ್ಲಿಂದ ವಿಶ್ವವಿದ್ಯಾಲಯಕ್ಕೆ ಹೋದರೆ ಖರ್ಚು ಕಡಿಮೆಯಾಗುತ್ತದೆಯೇ?
– ಒಬ್ಬ ವಿದ್ಯಾರ್ಥಿ, ಮೈಸೂರು

ಉತ್ತರ: ಬಿಡಬೇಡಿ ಎಂದೇ ಹೇಳುತ್ತೇನೆ. ಮೇಲೆ ಹೇಳಿದ 46 ಡಾಲರ್‌ನ ಲೆಕ್ಕ ನಿಮಗೆ ಸಲ್ಲುವುದಿಲ್ಲ. ಎಫ್-1 ವೀಸಾದಲ್ಲಿ ಬರುವವರು ಅದರ ಹಲವು ಪಟ್ಟು ಅನಿವಾಸಿ ಶುಲ್ಕ ಕೊಡಬೇಕು, ಪ್ರತಿ ಅವಧಿಯಲ್ಲೂ ಕನಿಷ್ಠ 12 ಯೂನಿಟ್ ಓದಬೇಕು. ಹೆಚ್ಚಿನ ಕಮ್ಯುನಿಟಿ ಕಾಲೇಜುಗಳಲ್ಲಿ ಹಾಸ್ಟೆಲ್ ಇಲ್ಲದ ಕಾರಣ ಹೊರಗಿನ ಬಾಡಿಗೆಯೂ ಸೇರುತ್ತದೆ. ನೀವು ಈಗಾಗಲೇ ಓದಿರುವುದರಲ್ಲಿ ಎಷ್ಟನ್ನು ಒಪ್ಪಿಕೊಳ್ಳುತ್ತಾರೆಂಬುದು ಆಯಾ ಕಾಲೇಜಿನ ನಿರ್ಧಾರ. ಪದವಿಯ ನಂತರ ಎಫ್-1ನವರಿಗೆ ಸಿಗುವ ಕೆಲಸದ ಅನುಮತಿ ಕಮ್ಯುನಿಕೇಷನ್ ಸ್ಟಡೀಸ್‌ನಂಥ ವಿಷಯಕ್ಕೆ ಸಾಮಾನ್ಯವಾಗಿ 12 ತಿಂಗಳು ಮಾತ್ರ. ಎಂಜಿನಿಯರಿಂಗ್‌ನವರಿಗೆ ಸಿಗುವ 24 ತಿಂಗಳ ವಿಸ್ತರಣೆಯನ್ನು ನೆಚ್ಚಿಕೊಂಡು ಸಾಲ ಮಾಡಬಾರದು. ಬಿ.ಎ. ಮುಗಿಸಿ, ಸಾಧ್ಯವಾದರೆ ಮಾನಸಗಂಗೋತ್ರಿಯಲ್ಲಿ ಸ್ನಾತಕೋತ್ತರ ಓದಿ, ಬಳಿಕ ಹೊರಗೆ ಹೋಗುವ ಯೋಚನೆ ಮಾಡಿ. ಮೂರು ವರ್ಷದ ಪದವಿಯನ್ನೇ ಒಪ್ಪುವ ಅಮೆರಿಕದ ವಿಶ್ವವಿದ್ಯಾಲಯಗಳೂ ಇವೆ, ಒಪ್ಪದವೂ ಇವೆ. ಅರ್ಜಿ ಶುಲ್ಕ ಕಟ್ಟುವ ಮುಂಚೆ ಇದೊಂದನ್ನು ಇ-ಮೇಲ್‌ನಲ್ಲಿ ಕೇಳಿ, ಅವರ ಉತ್ತರವನ್ನು ತೆಗೆದಿಟ್ಟುಕೊಳ್ಳಿ.