ವಾಟ್ಸಾಪ್ ಸ್ಟೇಟಸ್‌ನಲ್ಲಿ ಜನ ಒಂದಕ್ಕೊಂದು ಸಂಬಂಧವೇ ಇಲ್ಲದ್ದನ್ನೆಲ್ಲ ಯಾಕೆ ಹಾಕುತ್ತಾರೆ?

ನೋಡುವವರು ನಾನಾ ಥರ ಇರುತ್ತಾರಲ್ಲ, ಅದಕ್ಕೆ. ದಾವಣಗೆರೆಯಲ್ಲಿ ನನಗೆ ಪರಿಚಯದ ಗೊಬ್ಬರದ ಅಂಗಡಿಯವರೊಬ್ಬರ ಸ್ಟೇಟಸ್ ನೋಡಿ: ಬೆಳಿಗ್ಗೆ ಬಸವಣ್ಣನ ವಚನ, ಆಮೇಲೆ ಮೆಕ್ಕೆಜೋಳದ ರೇಟು, ಮಧ್ಯೆ ಮೊಮ್ಮಗಳ ಹುಟ್ಟುಹಬ್ಬ, ರಾತ್ರಿ ಯಾರಿಗೋ ಭಾವಪೂರ್ಣ ಶ್ರದ್ಧಾಂಜಲಿ. ವಚನ ಬೀಗರಿಗೆ, ರೇಟು ರೈತರಿಗೆ. ಇಬ್ಬರೂ ಇರುವುದು ಒಂದೇ ಫೋನಿನಲ್ಲಿ. ಯಾರಿಗೆ ಯಾವುದು ಕಾಣಬೇಕು ಅನ್ನುವುದಕ್ಕೆ ಸೆಟ್ಟಿಂಗ್ ಇದೆ ನಿಜ, ಅದನ್ನು ಯಾರು ಮುಟ್ಟುತ್ತಾರೆ ಹೇಳಿ! ಜೊತೆಗೆ 24 ಗಂಟೆಗೆ ತಾನೇ ಅಳಿಸಿಹೋಗುತ್ತದೆ. ಹಾಗಾಗಿ ಜಾಸ್ತಿ ಯೋಚಿಸದೆ ಸುಮ್ನೆ ಹಾಕುತ್ತಾರೆ.

ಎಲ್ಲರದ್ದೂ ಒಂದೇ ಆಗುವುದು ಅಪರೂಪ. ಹಿರಿಯೂರು ಹತ್ತಿರದ ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ ಮೊದಲ ಸಲ 2022ರಲ್ಲಿ ಕೋಡಿ ಬಿದ್ದಾಗ, ನನ್ನ ಫೋನಿನಲ್ಲಿದ್ದ ಹಿರಿಯೂರಿನವರೆಲ್ಲ ಆ ನೀರಿನ ವಿಡಿಯೋವನ್ನೇ ಹಾಕಿದ್ದರು. ಗುಡ್ ಮಾರ್ನಿಂಗ್ ಗುಲಾಬಿಗೂ ಆವತ್ತು ರಜೆ.