ಸ್ಟಾರ್ಟರ್ ಪೆಟ್ಟಿಗೆಯ ಆರು ವೈರು

ಕೊಡಗಿನ ಸುಂಟಿಕೊಪ್ಪದ ನಿವೃತ್ತ ಶಿಕ್ಷಕರೊಬ್ಬರು ನಮ್ಮ ಪತ್ರಿಕೆಗೆ ಬರೆದಿದ್ದಾರೆ:

"ಫೆಬ್ರವರಿ ಕೊನೆಯಲ್ಲಿ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕುವ ಹೊತ್ತಿಗೆ ಸರಿಯಾಗಿ ನಮ್ಮ ಕೆರೆ ಮೋಟರಿನ ಸ್ಟಾರ್ಟರ್ ಕೆಟ್ಟಿತು. ಪಕ್ಕದ ಮನೆ ಹುಡುಗ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಮುಗಿಸಿದ್ದಾನೆ, ಒಳ್ಳೆಯ ಅಂಕ ತೆಗೆದಿದ್ದಾನೆ ಎಂದು ಅವನನ್ನೇ ಕರೆದೆ. ಪೆಟ್ಟಿಗೆ ಬಿಚ್ಚಿ ಮುಕ್ಕಾಲು ಗಂಟೆ ನೋಡುತ್ತಾ ನಿಂತ. ಕೊನೆಗೆ ಪೇಟೆಯ ಮೋಟರ್ ರಿಪೇರಿಯವರು ಬಂದು ಒಂದು ಟೆಸ್ಟ್ ಲ್ಯಾಂಪು, ಒಂದು ಪ್ಲೈಯರ್ ಇಟ್ಟುಕೊಂಡು ಇಪ್ಪತ್ತು ನಿಮಿಷದಲ್ಲಿ ಓಡಿಸಿಕೊಟ್ಟರು. ಅವರು ಓದಿದ್ದು ಏಳನೇ ತರಗತಿ. ನಮ್ಮ ತರಬೇತಿ ಸಂಸ್ಥೆಗಳಿಗೆ ಇನ್ನಷ್ಟು ಹೊಸ ಯಂತ್ರ, ಡಿಜಿಟಲ್ ಬೋರ್ಡು ಕೊಟ್ಟು, ಬೆಂಗಳೂರಿನ ತಜ್ಞರಿಂದ ಆನ್‌ಲೈನ್ ಪಾಠ ಮಾಡಿಸಿದರೆ ಗುಣಮಟ್ಟ ಸುಧಾರಿಸದೇ? ಪತ್ರಿಕೆ ಈ ಬಗ್ಗೆ ಯಾಕೆ ಬರೆಯುವುದಿಲ್ಲ?"

ಮೇಷ್ಟ್ರೇ, ಹುಡುಗನನ್ನು ನೀವು ಹಳಿಯಲಿಲ್ಲ. ಅದಕ್ಕೇ ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ಯಂತ್ರ ಬೇಕು ಎಂಬ ಮಾತನ್ನೂ ಒಪ್ಪುತ್ತೇನೆ. 2022ರ ಜೂನ್‌ನಲ್ಲಿ ರಾಜ್ಯದ 150 ಐಟಿಐಗಳು ತಂತ್ರಜ್ಞಾನ ಕೇಂದ್ರಗಳಾಗಿ ಲೋಕಾರ್ಪಣೆಯಾದಾಗ ನಾನೂ ಸಂತೋಷಪಟ್ಟವನೇ. ಆದರೆ ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಪತ್ರದಲ್ಲೇ ಇತ್ತು. ಟೆಸ್ಟ್ ಲ್ಯಾಂಪು ಮತ್ತು ಪ್ಲೈಯರ್ ಎಂದು ಬರೆದ ನೀವು ಅಲ್ಲೇ ನಿಲ್ಲದೆ ಡಿಜಿಟಲ್ ಬೋರ್ಡಿಗೆ ಹಾರಿಬಿಟ್ಟಿರಿ.

ನಿಮ್ಮದು ಸ್ಟಾರ್-ಡೆಲ್ಟಾ ಸ್ಟಾರ್ಟರ್ ಆಗಿದ್ದರೆ ಅದರಿಂದ ಮೋಟರಿಗೆ ಆರು ವೈರು ಹೋಗುತ್ತವೆ. ಸ್ಟಾರ್, ಡೆಲ್ಟಾ ಎಂದರೆ ಮೋಟರಿನೊಳಗಿನ ಮೂರು ಸುರುಳಿಗಳನ್ನು ಜೋಡಿಸುವ ಎರಡು ಬಗೆ. ಸ್ಟಾರ್‌ನಲ್ಲಿ ಹೊರಟ ಮೋಟರು ನೇರ ಡೆಲ್ಟಾದಲ್ಲಿ ಎಳೆಯುವ ಕರೆಂಟಿನ ಮೂರನೇ ಒಂದು ಪಾಲನ್ನಷ್ಟೇ ಲೈನಿನಿಂದ ಎಳೆಯುತ್ತದೆ, ವೇಗ ಹಿಡಿದ ಮೇಲೆ ಡೆಲ್ಟಾಕ್ಕೆ ದಾಟುತ್ತದೆ. ಇಷ್ಟು ಆ ಹುಡುಗನಿಗೆ ಗೊತ್ತು. ಗೊತ್ತಿಲ್ಲದೆ ಅಂಕ ಬರುತ್ತಿರಲಿಲ್ಲ. ಈಗಂತೂ ಥಿಯರಿ ಪರೀಕ್ಷೆ ಎಂದರೆ ಕಂಪ್ಯೂಟರ್ ಮುಂದೆ ಕುಳಿತು ಕೊಟ್ಟ ಉತ್ತರಗಳಲ್ಲಿ ಒಂದನ್ನು ಒತ್ತುವುದು. ಆದರೆ ಕೆರೆ ಬದಿಯ ಪೆಟ್ಟಿಗೆಯಲ್ಲಿ ಉತ್ತರ ಯಾರು ಬರೆದಿಟ್ಟಿರುತ್ತಾರೆ? ಹತ್ತು ಮಳೆಗಾಲ ಕಂಡ ವೈರುಗಳು ಬಣ್ಣ ಮಾಸಿ ಆರೂ ಒಂದೇ ಆಗಿರುತ್ತವೆ, ನಂಬರಿನ ಚೀಟಿ ಉದುರಿಹೋಗಿರುತ್ತದೆ. ಯಾವುದರ ಜೋಡಿ ಯಾವುದು ಎಂದು ಲ್ಯಾಂಪು ಇಟ್ಟು ಹುಡುಕಬೇಕು. ಮೋಟರು ತಿರುಗಿಯೂ ನೀರು ಸರಿಯಾಗಿ ಬಾರದಿದ್ದರೆ ಉಲ್ಟಾ ತಿರುಗುತ್ತಿದೆಯೇನೋ ಎಂದು ಅನುಮಾನ ಬರಬೇಕು. ಹಾಗಿದ್ದರೆ ಕರೆಂಟು ಬರುವ ಮೂರು ಫೇಸ್ ವೈರುಗಳಲ್ಲಿ ಎರಡನ್ನು ಅದಲುಬದಲು ಮಾಡಿದರೆ ಮುಗಿಯಿತು. ಆ ಅನುಮಾನ ಬರುವುದೇ ವಿದ್ಯೆ. ಅದನ್ನು ಹುಡುಗನ ಪಕ್ಕದಲ್ಲಿ, ಕೆಟ್ಟ ಪೆಟ್ಟಿಗೆಯ ಮುಂದೆ ನಿಂತವರು ಮಾತ್ರ ಕಲಿಸಬಲ್ಲರು.

ಇದು ನನಗೆ ಪುಸ್ತಕ ಓದಿ ಬಂದ ನಂಬಿಕೆಯಲ್ಲ. ಹದಿನೇಳನೇ ವಯಸ್ಸಿನಲ್ಲಿ ಮಡಿಕೇರಿಯ ಒಂದು ಅಚ್ಚುಕೂಟಕ್ಕೆ ಸೇರಿದೆ. ಮೊದಲ ನಾಲ್ಕು ತಿಂಗಳು ಒಂದು ಸಾಲು ಜೋಡಿಸಲೂ ಬಿಡಲಿಲ್ಲ. ಅಚ್ಚಾಗಿ ಮುಗಿದ ಪುಟ ಬಿಚ್ಚಿ, ಅಚ್ಚುಮೊಳೆಗಳನ್ನು, ಅಂದರೆ ಲೋಹದ ಅಕ್ಷರಗಳನ್ನು, ಸೀಮೆಎಣ್ಣೆಯಲ್ಲಿ ತೊಳೆದು, ಒಂದೊಂದನ್ನೇ ಕೇಸಿನ, ಅಂದರೆ ಅಕ್ಷರದ ಪೆಟ್ಟಿಗೆಯ, ಅದರದರ ಮನೆಗೆ ಹಾಕುವುದಷ್ಟೇ ನನ್ನ ಕೆಲಸ. ಒತ್ತಕ್ಷರಗಳ ಮನೆ ಬೇರೆ, ದೀರ್ಘದ ಮನೆ ಬೇರೆ. ಮೊಳೆಯ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ, 'ಪ' ಯಾವುದು 'ಷ' ಯಾವುದು ಎಂದು ಕಣ್ಣಿಗೆ ಹತ್ತದು. ತಪ್ಪು ಮನೆಗೆ ಬಿದ್ದ ಮೊಳೆಯನ್ನು ಅಕ್ಷರ ಜೋಡಿಸುವ ನಮ್ಮ ಹಿರಿಯ ಕಂಪೋಸಿಟರ್ ಹುಡುಕಿ ತೆಗೆದು, ಬೈಯದೆ, ನನ್ನ ಅಂಗೈಯಲ್ಲಿಟ್ಟು ಹೋಗುತ್ತಿದ್ದರು. ಯಾವುದು ಎಂದು ಅವರು ಹೇಳುತ್ತಿರಲಿಲ್ಲ. ನಾನೇ ಬೆರಳಿನಿಂದ ತಡವಿ ಪತ್ತೆ ಮಾಡಬೇಕು. ನಾಲ್ಕು ತಿಂಗಳಾದ ಮೇಲೆ ಸಾಲು ಜೋಡಿಸುವ ಸ್ಟಿಕ್ ಕೈಗೆ ಕೊಟ್ಟರು ನೋಡಿ, ಕೈ ಕೇಸಿನ ಮೇಲೆ ತಾನಾಗಿ ಓಡಿತು.

1970ರ ದಶಕದಲ್ಲಿ ಜೀನ್ ಲೇವ್ ಎಂಬ ಮಾನವಶಾಸ್ತ್ರಜ್ಞೆ ಆಫ್ರಿಕಾದ ಲೈಬೀರಿಯಾದಲ್ಲಿ ದರ್ಜಿಗಳ ಅಂಗಡಿಗಳಲ್ಲಿ ಕುಳಿತು ನೋಡಿದ್ದು ಇದನ್ನೇ. ಅಲ್ಲಿ ಕಲಿಯಲು ಬಂದವನು ಗುಂಡಿ ಹಾಕುವುದು, ಅಂಚು ಹೊಲಿಯುವುದರಿಂದ ಶುರುಮಾಡುತ್ತಾನೆ. ಕತ್ತರಿ ಕೈಗೆ ಬರುವುದು ಕಟ್ಟಕಡೆಗೆ. ಬಟ್ಟೆ ತಯಾರಾಗುವ ಕ್ರಮಕ್ಕೆ ಇದು ಪೂರಾ ತಿರುಗುಮುರುಗು. ಕೆಟ್ಟರೂ ನಷ್ಟ ಕಡಿಮೆ, ಅಷ್ಟರೊಳಗೆ ಇಡೀ ಅಂಗಿ ಹೇಗಿರುತ್ತದೆಂದು ಕಣ್ಣಿಗೆ ಕೂತಿರುತ್ತದೆ. ನಿಮ್ಮ ತೋಟದಲ್ಲೂ ಹೊಸಬರ ಕೈಗೆ ರೆಂಬೆ ಸವರುವ ಕಸಿ ಕತ್ತರಿ ಕೊಡದೆ ಮೊದಲು ಚಿಗುರು ತೆಗೆಯಲು ಹಚ್ಚುವುದಿಲ್ಲವೇ? ನಮ್ಮ ಪಠ್ಯಕ್ರಮಗಳಲ್ಲಿ ಈ ತಿಳಿವಳಿಕೆ ಎಲ್ಲಿದೆ? ಮೊದಲ ಪಾಠವೇ ವ್ಯಾಖ್ಯೆ. ಅದೂ 'ಪರ್ಯಾಯ ವಿದ್ಯುತ್ ಪ್ರವಾಹ' ಎಂಬ ಭಾಷೆಯಲ್ಲಿ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಯರವ ಮಾತಾಡುವ ಮಕ್ಕಳಿಗೆ ಎಸಿ ಕರೆಂಟ್ ಎಂದಿದ್ದರೆ ಸಾಕಿತ್ತು.

ಹಾಗೆಂದು ನಿಮ್ಮ ರಿಪೇರಿಯವರನ್ನು ನಾಳೆಯೇ ತರಗತಿಯಲ್ಲಿ ನಿಲ್ಲಿಸಿದರೆ ಆಯಿತು ಎಂದಲ್ಲ. ಕೆಲಸ ಬಲ್ಲವರಿಗೆಲ್ಲ ಕಲಿಸಲು ಬಾರದು. ಜರ್ಮನಿಯಲ್ಲಿ ಕಸುಬಿನ ಮೈಸ್ಟರ್, ಅಂದರೆ ಗುರು, ಆಗಬೇಕಾದರೆ ಪರೀಕ್ಷೆ ನಾಲ್ಕು ಭಾಗ, ಅದರಲ್ಲೊಂದು ಇಡಿಯಾಗಿ ಕಲಿಸುವುದರ ಮೇಲೆ. ನಮ್ಮಲ್ಲೂ ಬೋಧಕರಿಗೆಂದೇ ಸಿಐಟಿಎಸ್ (ಕ್ರಾಫ್ಟ್ ಇನ್‌ಸ್ಟ್ರಕ್ಟರ್ ಟ್ರೈನಿಂಗ್ ಸ್ಕೀಮ್) ಎಂಬ ಒಂದು ವರ್ಷದ ತರಬೇತಿ ಇದೆ. ಆದರೆ ಅತಿಥಿ ಬೋಧಕ ಎಂದು ಕರೆದು, ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಎಂದು ಕಾಯಿಸಿದರೆ, ಅವನು ಕಲಿಸುವುದನ್ನು ಕಲಿಯುವಷ್ಟರಲ್ಲಿ ಬೇರೆ ಕೆಲಸ ಹುಡುಕಿಕೊಂಡಿರುತ್ತಾನೆ.

ಕೊಡಗಿನಲ್ಲಿ ಇದಕ್ಕೊಂದು ದಾರಿ ಕಣ್ಣೆದುರಿಗೇ ಇದೆ. ಸೇನೆಯ ಇಎಂಇ (ಯಂತ್ರ, ವಿದ್ಯುತ್ ಉಪಕರಣ ರಿಪೇರಿಯ ವಿಭಾಗ), ಸಿಗ್ನಲ್ಸ್, ಎಂಜಿನಿಯರ್ಸ್ ವಿಭಾಗಗಳಲ್ಲಿ ದುಡಿದು ನಿವೃತ್ತರಾಗಿ ಬಂದ ಹವಾಲ್ದಾರರು, ಸುಬೇದಾರರು ನಮ್ಮ ಊರುಗಳಲ್ಲಿದ್ದಾರೆ. ಹಿಮದಲ್ಲಿ ಜನರೇಟರ್ ಓಡಿಸಿದವರು, ಜವಾನರಿಗೆ ಪಾಠ ಹೇಳಿದವರು. ಅವರಲ್ಲಿ ಎಷ್ಟೋ ಮಂದಿ ಇಂದು ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ಕೂತಿರುವುದನ್ನು ಕಂಡಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಇನ್ನೂ ಹೊಟ್ಟೆ ಉರಿಯುವ ಮಾತು ಏಣಿಯದು. ಮರಗಸಿಗೋ (ನೆರಳು ಮರದ ಕೊಂಬೆ ಕಡಿಯಲು) ಕರಿಮೆಣಸು ಕೊಯ್ಲಿಗೋ ಹೋದವರು, ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿ ಸತ್ತ ಸುದ್ದಿ ನಮ್ಮ ಜಿಲ್ಲೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಏಣಿ ಎತ್ತುವ ಮೊದಲು ತಲೆಯೆತ್ತಿ ತಂತಿ ನೋಡು, ಲೈನ್ ಆಫ್ ಮಾಡಿಸದೆ ಹತ್ತಬೇಡ ಎಂದು ತೋಟದ ಕಾರ್ಮಿಕರ ಲೈನ್‌ಮನೆಯ ಹುಡುಗನಿಗೆ ತೋಟದಲ್ಲೇ ನಿಂತು ಕಲಿಸುವುದೂ ವೃತ್ತಿಶಿಕ್ಷಣವೇ. ಅದಕ್ಕೆ ಕಟ್ಟಡ ಬೇಡ, ಪ್ರೊಜೆಕ್ಟರ್ ಬೇಡ.

ಈಗ ಒಂದು ಮಾತು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಅಷ್ಟು ವರ್ಷ ಪಾಠ ಮಾಡಿದಿರಿ. ಲೆಕ್ಕದಲ್ಲಿ ಚುರುಕಾದ ಮಗುವನ್ನು ಒಂದು ದಿನವಾದರೂ ಕರೆದು ಐಟಿಐಗೆ ಸೇರು ಎಂದು ಹೇಳಿದ್ದಿದೆಯೇ? ಕಡಿಮೆ ಅಂಕ ಬಂದವರನ್ನು ಅತ್ತ ಕಳಿಸಿ, ಅಲ್ಲಿಂದ ಗುಣಮಟ್ಟ ಬರಲಿಲ್ಲ ಎಂದು ನಾವೆಲ್ಲ ದೂರುತ್ತೇವೆ. ಎಸ್‌ಎಸ್‌ಎಲ್‌ಸಿಯಲ್ಲಿ ಮೊದಲು ಬಂದವರ ಫೋಟೊ ಪ್ರತಿ ವರ್ಷ ಹಾಕುವ ಈ ಪತ್ರಿಕೆ ಐಟಿಐಯ ಫಿಟ್ಟರ್ ಟ್ರೇಡಿನಲ್ಲಿ ಮೊದಲು ಬಂದವನ ಫೋಟೊ ಒಮ್ಮೆಯೂ ಹಾಕಿಲ್ಲ. ಆ ತಪ್ಪು ನನ್ನದು, ಈ ವರ್ಷದಿಂದ ಹಾಕುತ್ತೇವೆ. ಗಾಂಧೀಜಿ ಕೊಡಗಿಗೆ ಬಂದದ್ದು 1934ರಲ್ಲಿ. ಮೂರೇ ವರ್ಷಕ್ಕೆ, 1937ರಲ್ಲಿ, ಕೈಕೆಲಸವೇ ಕಲಿಕೆಯ ನಡುಗಂಬವಾಗಬೇಕು ಎಂದು ವಾರ್ಧಾದಲ್ಲಿ ದೇಶದ ಮುಂದಿಟ್ಟರು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಕೊಟ್ಟ ಲೆಕ್ಕದಂತೆ, 19ರಿಂದ 24 ವರ್ಷದ ದುಡಿಯುವವರಲ್ಲಿ ಕ್ರಮಬದ್ಧ ವೃತ್ತಿಶಿಕ್ಷಣ ಪಡೆದವರು ನಮ್ಮಲ್ಲಿ ನೂರಕ್ಕೆ 5ಕ್ಕಿಂತ ಕಡಿಮೆ, ದಕ್ಷಿಣ ಕೊರಿಯಾದಲ್ಲಿ 96.

ಕಾನೂನೂ ನಿಮ್ಮ ರಿಪೇರಿಯವರನ್ನು ಕಂಡಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯ ಈಗಿನ ನಿಯಮಗಳಂತೆ 30 ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಅಪ್ರೆಂಟಿಸ್‌ಗಳನ್ನು, ಅಂದರೆ ಕೆಲಸ ಕಲಿಯುವವರನ್ನು, ತೆಗೆದುಕೊಳ್ಳುವುದು ಕಡ್ಡಾಯ, 4ರಿಂದ 29 ಜನರಿದ್ದರೆ ಐಚ್ಛಿಕ. ಒಬ್ಬರೇ ನಡೆಸುವ ಅಂಗಡಿ ಆ ಲೆಕ್ಕಕ್ಕೆ ಬರುವುದೇ ಇಲ್ಲ. ಸಣ್ಣ ಪೇಟೆಗಳೇ ಇರುವ ನಮ್ಮ ಜಿಲ್ಲೆಯಲ್ಲಿ ನಿಜವಾದ ಗುರುಗಳು ಕೂತಿರುವುದು ಅಂಥ ಅಂಗಡಿಗಳಲ್ಲೇ.

ಹಾಗಾಗಿ ಕಾನೂನಿಗೆ ಕಾಯುವುದು ಬೇಡ. ಆ ಹುಡುಗನ ಮನೆಯವರ ಹತ್ತಿರ ಮಾತಾಡಿ, ಆರು ತಿಂಗಳು ಅವನನ್ನು ರಿಪೇರಿಯವರ ಅಂಗಡಿಯಲ್ಲಿ ಕೂರಿಸಲು ಒಪ್ಪಿಸಿ. ರಿಪೇರಿಯವರ ಜೊತೆ ಮಾತಾಡಲು ನಾನೇ ಬರುತ್ತೇನೆ, ಬರುವ ಭಾನುವಾರ ಬೆಳಿಗ್ಗೆ ಆಗಬಹುದೇ ತಿಳಿಸಿ. ಅಷ್ಟರವರೆಗೆ ಬಿಚ್ಚಿ ಹಾಕಿದ ಹಳೆಯ ಕಾಯಿಲು, ಕಾಂಟ್ಯಾಕ್ಟುಗಳನ್ನು ಗುಜರಿಗೆ ಕೊಡಬೇಡಿ, ಹುಡುಗನಿಗೆ ಬೇಕಾಗುತ್ತವೆ.