ಬಾಲ್ಯದ ಗಾಯ ದಾಟಿ ಬಂದಿದ್ದೇನೆ, ನನ್ನಂಥವರಿಗೆ ಕೋಚ್ ಆಗಬಹುದೇ?

ಪ್ರಶ್ನೆ: ನನಗೆ 39 ವರ್ಷ. ಚಿಕ್ಕಂದಿನಲ್ಲಿ ಮನೆಯೊಳಗೇ ಹೊಡೆತ, ಬೈಗುಳ, ಹೇಳಿಕೊಳ್ಳಲಾಗದ ಇನ್ನೂ ಕೆಲವನ್ನು ಅನುಭವಿಸಿದವಳು. ಆರು ವರ್ಷ ಥೆರಪಿ ತೆಗೆದುಕೊಂಡ ಮೇಲೆ ಈಗ ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡುತ್ತೇನೆ. ನನ್ನಂಥವರಿಗೆ ನೆರವಾಗಬೇಕು ಅನ್ನುವ ಆಸೆ ಬಲವಾಗಿದೆ. ಆನ್‌ಲೈನಿನಲ್ಲಿ 12 ವಾರದ ‘ಟ್ರಾಮಾ ಕೋಚ್’ (ಮನಸ್ಸಿಗೆ ಆಘಾತವಾದವರ ಜೊತೆ ಕೆಲಸ ಮಾಡುವ ಕೋಚ್) ಕೋರ್ಸ್ ಒಂದನ್ನು ನೋಡಿದೆ, ಕೊನೆಗೆ ಸರ್ಟಿಫಿಕೇಟ್ ಕೊಡುತ್ತಾರಂತೆ. ನಾನು ಮನಶ್ಶಾಸ್ತ್ರ ಓದಿದವಳಲ್ಲ, ಲೆಕ್ಕಪತ್ರದ ಕೆಲಸದಲ್ಲಿದ್ದೇನೆ. ಈ ಕೋರ್ಸ್ ಮುಗಿಸಿ ಕೆಲಸ ಬಿಡಬಹುದೇ? ಬಂದವರಿಗೆ ನನ್ನ ಕತೆ ಹೇಳಬೇಕೇ?
— ಹೆಸರು ಬೇಡ

ಉತ್ತರ: ಕೋಚ್ ಆಗಬಹುದು. ಇರುವ ಕೆಲಸವನ್ನು ಮಾತ್ರ ಸದ್ಯಕ್ಕೆ ಬಿಡಬೇಡಿ. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

‘ನೆಮ್ಮದಿಯಾಗಿ ನಿದ್ದೆ ಮಾಡುತ್ತೇನೆ’ ಎಂದು ಬರೆದಿದ್ದೀರಿ. ಆ ಒಂದು ಸಾಲಿನ ಹಿಂದೆ ಎಷ್ಟು ದುಡಿಮೆ ಇದೆ ಅಂತ ನನಗೆ ಗೊತ್ತು. ಭಯಂಕರವಾದದ್ದನ್ನು ಹೇಳುವಾಗ ಒಬ್ಬರು ಯಾಕೆ ನಗುತ್ತಾರೆ, ಹೊಗಳಿದರೆ ಯಾಕೆ ಮುದುಡಿಕೊಳ್ಳುತ್ತಾರೆ, ಯಾರಾದರೂ ಪ್ರೀತಿಯಿಂದ ನಡೆದುಕೊಂಡರೆ ಯಾಕೆ ಅನುಮಾನ ಪಡುತ್ತಾರೆ ಅನ್ನುವುದು ನಿಮಗೆ ಯಾರೂ ವಿವರಿಸದೆ ಅರ್ಥವಾಗುತ್ತದೆ. ಅದು ದೊಡ್ಡ ಬಂಡವಾಳ. ಆದರೆ ಹೊಳೆಯನ್ನು ತಾನು ಈಜಿ ದಾಟಲು ಬೇಕಾದ ಕಸುವೇ ಬೇರೆ, ಮುಳುಗುತ್ತಿರುವವರನ್ನು ದಡಕ್ಕೆ ತರಲು ಬೇಕಾದ ಕಸುವೇ ಬೇರೆ. ಮುಳುಗುವವರು ಗಾಬರಿಯಲ್ಲಿ ಕಾಪಾಡಲು ಬಂದವರ ಕುತ್ತಿಗೆಯನ್ನೇ ಬಿಗಿಯಾಗಿ ಹಿಡಿಯುತ್ತಾರೆ. ಆಗ ಏನು ಮಾಡಬೇಕು ಅನ್ನುವುದನ್ನು ಕಲಿತೇ ಬರಬೇಕು.

ಮೊದಲು ಕೋಚ್ ಯಾರು, ಥೆರಪಿಸ್ಟ್ ಯಾರು ಅನ್ನುವುದು ಸ್ಪಷ್ಟವಾಗಲಿ. ಕಾಯಿಲೆಯನ್ನು ಗುರುತಿಸುವುದು, ಹಳೆಯ ಘಟನೆಯ ಒಳಹೊಕ್ಕು ಚಿಕಿತ್ಸೆ ಕೊಡುವುದು ತರಬೇತಿಯೂ ಪರವಾನಗಿಯೂ ಇರುವ ಮನೋವೈದ್ಯರು, ಚಿಕಿತ್ಸಕ ಮನಶ್ಶಾಸ್ತ್ರಜ್ಞರು ಮಾಡಬೇಕಾದ ಕೆಲಸ. ಕೋಚ್ ಕೆಲಸ ಮಾಡುವುದು ಇವತ್ತಿನ ಬದುಕಿನ ಜೊತೆಗೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯ 11ನೇ ಆವೃತ್ತಿ 2022ರಿಂದ ಜಾರಿಯಲ್ಲಿದೆ. ‘ಕಾಂಪ್ಲೆಕ್ಸ್ ಪಿಟಿಎಸ್‌ಡಿ’ಗೆ ಅದರಲ್ಲಿ ಪ್ರತ್ಯೇಕ ಸ್ಥಾನವಿದೆ. ಬಹುಕಾಲದ ಆಘಾತದ ನಂತರ ಉಳಿದು ಕಾಡುವ ಮನಸ್ಸಿನ ಕಾಯಿಲೆ ಇದು. ಘಟನೆ ಮತ್ತೆ ಕಣ್ಣೆದುರು ನಡೆದಂತಾಗುವುದು, ಅದರ ನೆನಪು ತರುವ ಎಲ್ಲದರಿಂದ ದೂರ ಓಡುವುದು, ಸದಾ ಅಪಾಯ ಕಾದಿದೆ ಅನ್ನಿಸುವುದು, ಇವುಗಳ ಜೊತೆಗೆ ಇನ್ನೂ ಮೂರು ಲಕ್ಷಣ ಸೇರುತ್ತವೆ: ಭಾವನೆ ಹತೋಟಿಗೆ ಸಿಗದಿರುವುದು, ತಾನು ಯಾತಕ್ಕೂ ಬಾರದವಳು ಎಂಬ ನಂಬಿಕೆ, ಸಂಬಂಧ ಉಳಿಸಿಕೊಳ್ಳಲು ಆಗದಿರುವುದು. ಇದು ಒಬ್ಬರಿಗೆ ಇದೆಯೋ ಇಲ್ಲವೋ ಅಂತ ತೀರ್ಮಾನಿಸುವ ಅಧಿಕಾರ ಕೋಚ್‌ಗೆ ಇಲ್ಲ. ಆದರೆ ಕೊನೆಯ ಮೂರು ದಿನನಿತ್ಯದ ಬದುಕನ್ನು ಎಲ್ಲೆಲ್ಲಿ ಕಾಡುತ್ತವೋ ಅಲ್ಲಿ, ಚಿಕಿತ್ಸೆಯ ಜೊತೆಜೊತೆಗೇ, ಕೋಚ್ ಬಹಳ ಉಪಯೋಗಕ್ಕೆ ಬರುತ್ತಾರೆ.

ಒಂದು ಉದಾಹರಣೆ ಕೊಡುತ್ತೇನೆ, ಇದು ಕಲ್ಪಿಸಿಕೊಂಡದ್ದು. ಆಫೀಸಿನಲ್ಲಿ ಮೇಲಧಿಕಾರಿ ‘ಸ್ವಲ್ಪ ಒಳಗೆ ಬನ್ನಿ’ ಅಂದರೆ ಸಾಕು, 45 ವರ್ಷದ ಒಬ್ಬರ ಕೈ ತಣ್ಣಗಾಗುತ್ತದೆ, ಬಾಯಿ ಕಟ್ಟುತ್ತದೆ. ಆ ಗಳಿಗೆಯಲ್ಲಿ ಅವರ ಮೈಗೆ ಎಂಟೇ ವರ್ಷ. ಥೆರಪಿಯಲ್ಲಿ ಆ ಎಂಟರ ಹುಡುಗನ ಭಯದ ಬೇರು ಹುಡುಕುತ್ತಾರೆ. ಕೋಚ್ ಕೇಳುವ ಪ್ರಶ್ನೆಗಳು ಬೇರೆ: ಭಯ ಮೈಯಲ್ಲಿ ಮೊದಲು ಎಲ್ಲಿ ತಿಳಿಯುತ್ತದೆ? ಒಳಗೆ ಹೋಗುವ ಮೊದಲು ಒಂದು ನಿಮಿಷ ಸಿಗುವಂತೆ ಏನು ಹೇಳಬಹುದು? ‘ಎರಡು ನಿಮಿಷದಲ್ಲಿ ಬರುತ್ತೇನೆ ಸಾರ್’ ಅನ್ನುವಷ್ಟು ಸಾಧ್ಯವೇ? ಅದನ್ನು ಇಲ್ಲೇ ಒಮ್ಮೆ ಬಾಯಿಬಿಟ್ಟು ಹೇಳಿ ನೋಡೋಣವೇ? ಮುಂದಿನ ವಾರ ಅದು ಹೇಗಾಯಿತು ಅಂತ ಮತ್ತೆ ವಿಚಾರಿಸುವುದು. ಆಗಲಿಲ್ಲ ಅಂದರೆ ಬೇಸರ ತೋರಿಸದೆ ಇನ್ನೂ ಚಿಕ್ಕ ಹೆಜ್ಜೆ ಹುಡುಕುವುದು. ಹೊರಗಿನಿಂದ ನೋಡಿದರೆ ಇದು ಬಹಳ ಸಣ್ಣ ಕೆಲಸ. ಆದರೆ ಹಾಗೆ ಎರಡು ನಿಮಿಷ ಕೇಳಿ ಪಡೆದ ದಿನ ಅವರ ಪಾಲಿಗೆ ಹಬ್ಬ.

ಈಗ ಕೋರ್ಸಿನ ವಿಷಯ. ಬಹುತೇಕ ದೇಶಗಳಲ್ಲಿ ‘ಕೋಚ್’ ಎಂಬ ಹೆಸರಿಗೆ ಕಾನೂನಿನ ಕಾವಲಿಲ್ಲ. ಬೋರ್ಡು ಹಾಕಿಕೊಂಡವರೆಲ್ಲ ಕೋಚ್‌ಗಳೇ. ಹಾಗಾಗಿ ಸರ್ಟಿಫಿಕೇಟಿನ ಅಂದ ನೋಡಬೇಡಿ, ಒಳಗೆ ಏನು ಕಲಿಸುತ್ತಾರೆ ಕೇಳಿ. ಕೋಚಿಂಗಿನ ಮೂಲ ಕೌಶಲಕ್ಕೆ ಒಂದು ಅಳತೆಗೋಲು ಬೇಕಾದರೆ, 1995ರಲ್ಲಿ ಆರಂಭವಾದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್ ತನ್ನ ಮೊದಲ ಹಂತದ ಮಾನ್ಯತೆಗೇ ಕನಿಷ್ಠ 60 ಗಂಟೆ ತರಬೇತಿ, 100 ಗಂಟೆ ಕೋಚಿಂಗ್ ಅನುಭವ ಕೇಳುತ್ತದೆ. ಆದರೆ ಅದು ಸಾಮಾನ್ಯ ಕೋಚಿಂಗಿಗೆ. ಆಘಾತದ ಬಗ್ಗೆ ಕಲಿಯುವುದು ಅದರ ಮೇಲಿನ ಮಾತು. 12 ವಾರದ ಕೋರ್ಸಿನವರನ್ನು ನಾನು ಕೇಳುವುದು ಇಷ್ಟು: ಯಾರನ್ನು ತೆಗೆದುಕೊಳ್ಳಬಾರದು ಅಂತ ಕಲಿಸುತ್ತೀರಾ? ಎದುರಿಗಿರುವವರು ಆತ್ಮಹತ್ಯೆಯ ಮಾತಾಡಿದರೆ ಏನು ಮಾಡಬೇಕು ಅಂತ ಅಭ್ಯಾಸ ಮಾಡಿಸುತ್ತೀರಾ? ನಾನು ನಡೆಸುವ ಸೆಷನ್ನನ್ನು ಅನುಭವಿಗಳು ಕೇಳಿ ತಿದ್ದುತ್ತಾರಾ? ಮೂರರಲ್ಲಿ ಒಂದಕ್ಕೆ ಉತ್ತರ ತಡವರಿಸಿದರೂ ಅಲ್ಲಿಂದ ಎದ್ದು ಬನ್ನಿ. ‘90 ದಿನದಲ್ಲಿ ಟ್ರಾಮಾದಿಂದ ಮುಕ್ತಿ’ ಅಂತ ಭರವಸೆ ಕೊಡುವವರ ಹತ್ತಿರವಂತೂ ಸುಳಿಯಬೇಡಿ. ಅಂಥ ಮಾತು ನಂಬಿ ಹೋಗಿ, ವಾಸಿಯಾಗದೆ, ‘ತಪ್ಪು ನನ್ನದೇ ಇರಬೇಕು’ ಅಂತ ಇನ್ನಷ್ಟು ಕುಗ್ಗಿ ಬಂದವರನ್ನು ನೋಡಿದಾಗ ನನ್ನ ಹೊಟ್ಟೆ ಉರಿಯುತ್ತದೆ.

ಏನು ಓದಬೇಕು ಅನ್ನುವುದಕ್ಕೂ ಒಂದು ಮಾತು. ಅಮೆರಿಕದ ಮನೋವೈದ್ಯೆ ಜುಡಿತ್ ಹರ್ಮನ್ 1992ರಲ್ಲಿ ವಿವರಿಸಿದ ಚೇತರಿಕೆಯ ಮೂರು ಹಂತಗಳನ್ನು ಈ ಕ್ಷೇತ್ರದವರು ಇಂದಿಗೂ ನೆನೆಯುತ್ತಾರೆ. ಮೊದಲು ಸುರಕ್ಷತೆ, ಆಮೇಲೆ ನೆನಪು ಮತ್ತು ದುಃಖ, ಕೊನೆಗೆ ಬದುಕಿನ ಜೊತೆ ಮರುಬೆಸುಗೆ. ಕೋಚ್‌ಗೆ ಕೆಲಸ ಇರುವುದು ಮೊದಲನೆಯದರಲ್ಲಿ ಸ್ವಲ್ಪ, ಮೂರನೆಯದರಲ್ಲಿ ಹೆಚ್ಚು. ನಡುವಿನದು ಥೆರಪಿಸ್ಟ್‌ಗೆ ಸೇರಿದ್ದು. ಇನ್ನೊಂದು, ವೈದ್ಯರಾದ ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ ಅವರ ‘ಏಸ್’ (ಬಾಲ್ಯದ ಕೆಟ್ಟ ಅನುಭವಗಳ) ಅಧ್ಯಯನ. 17 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಕೇಳಿ, ಬಾಲ್ಯದ ಕಷ್ಟಗಳಿಗೂ ದೊಡ್ಡವರಾದ ಮೇಲಿನ ಕಾಯಿಲೆಗಳಿಗೂ ಇರುವ ನಂಟನ್ನು ಅದು ತೋರಿಸಿತು. ಅದರ ಮೊದಲ ವರದಿ ಬಂದದ್ದು 1998ರಲ್ಲಿ. ಈಗ ಅನೇಕ ಕೋಚ್‌ಗಳು ಮೊದಲ ದಿನವೇ ಆ ಪ್ರಶ್ನಾವಳಿ ಕೊಟ್ಟು ‘ನಿಮ್ಮ ಅಂಕ 7’ ಅಂತ ಹೇಳಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಅಂಕ ಜನಸಮುದಾಯವನ್ನು ಅಳೆಯಲು ಮಾಡಿದ್ದು, ಒಬ್ಬ ವ್ಯಕ್ತಿಯ ಹಣೆಬರಹ ಓದಲು ಅಲ್ಲ ಅಂತ ಆಂಡಾ ಅವರೇ 2020ರಲ್ಲಿ ಸಹೋದ್ಯೋಗಿಗಳೊಂದಿಗೆ ಬರೆದು ಎಚ್ಚರಿಸಿದ್ದಾರೆ.

ನಿಮ್ಮ ಕತೆ ಹೇಳಬೇಕೇ? ‘ನಾನೂ ಇಂಥದ್ದನ್ನು ದಾಟಿ ಬಂದವಳು’ ಅನ್ನುವ ಒಂದು ವಾಕ್ಯ ಸಾಕು, ಅದೂ ಅವರಿಗೆ ಧೈರ್ಯ ಬರುವಂತಿದ್ದರೆ. ವಿವರ ಬೇಡ. ಬಾಲ್ಯದಲ್ಲಿ ಪೆಟ್ಟು ತಿಂದವರಲ್ಲಿ ಅನೇಕರಿಗೆ ಎದುರಿಗಿರುವವರ ಮುಖ ನೋಡಿ, ಅವರ ಮನಸ್ಸು ನೋಯದಂತೆ ತಮ್ಮನ್ನೇ ಅದುಮಿಕೊಳ್ಳುವ ಅಭ್ಯಾಸವಿರುತ್ತದೆ. ಆಗ ಅವರನ್ನು ಬದುಕಿಸಿದ್ದೇ ಆ ಉಪಾಯ. ನೀವು ನಿಮ್ಮ ನೋವು ಬಿಚ್ಚಿಟ್ಟ ಕ್ಷಣವೇ ಅವರು ತಮ್ಮದನ್ನು ಮಡಚಿಟ್ಟು ನಿಮ್ಮನ್ನು ಸಂತೈಸಲು ಶುರು ಮಾಡುತ್ತಾರೆ. ಹೇಳಬೇಕು ಅಂತ ನಾಲಿಗೆ ತುದಿಗೆ ಬಂದಾಗ ಒಂದನ್ನು ಕೇಳಿಕೊಳ್ಳಿ, ಇದು ಯಾರಿಗಾಗಿ? ಉತ್ತರ ಸ್ಪಷ್ಟವಾಗದಿದ್ದರೆ ಹೇಳಬೇಡಿ.

ಕೆಲಸ ಬಿಡಬೇಡಿ ಅಂದದ್ದು ಯಾಕೆ ಅಂದರೆ, ಈ ಕೆಲಸದಲ್ಲಿ ತುಂಬ ಸಲ ‘ನಿಮಗೆ ಬೇಕಾದ ನೆರವು ನನ್ನಿಂದ ಆಗದು, ಇವರ ಬಳಿ ಹೋಗಿ’ ಅನ್ನಬೇಕಾಗುತ್ತದೆ. ಮನೆ ನಡೆಯುವುದೇ ಬಂದವರ ಹಣದಿಂದ ಅಂತಾದರೆ ಆ ಮಾತು ಗಂಟಲಲ್ಲೇ ನಿಲ್ಲುತ್ತದೆ. ಮೊದಲ ಎರಡು ವರ್ಷ ಸಂಬಳವಿರಲಿ, ವಾರಕ್ಕೆ ಮೂರ್ನಾಲ್ಕು ಜನ ಸಾಕು. ಶುರು ಮಾಡುವ ಮುನ್ನವೇ ಇಬ್ಬರು ಮೂವರು ಥೆರಪಿಸ್ಟ್‌ಗಳನ್ನು ಖುದ್ದಾಗಿ ಭೇಟಿ ಮಾಡಿ ಪರಿಚಯ ಮಾಡಿಕೊಂಡಿರಿ. ತಿಂಗಳಿಗೊಮ್ಮೆಯಾದರೂ, ಅನುಭವಿಗಳು ನಿಮ್ಮ ಕೆಲಸವನ್ನು ಕೇಳಿ ತಿದ್ದುವ ಸೂಪರ್‌ವಿಷನ್‌ಗೆ ಹೋಗಿ. ಬಂದವರ ಜೊತೆ ಬರಹದಲ್ಲಿ ಒಪ್ಪಂದವಿರಲಿ: ಇದು ಚಿಕಿತ್ಸೆಯಲ್ಲ, ಗುಟ್ಟು ಗುಟ್ಟಾಗಿರುತ್ತದೆ, ಆದರೆ ಜೀವಕ್ಕೆ ಅಪಾಯವಿದ್ದರೆ ಅಥವಾ ಈಗ ಯಾವುದಾದರೂ ಮಗು ಅಪಾಯದಲ್ಲಿದ್ದರೆ ತಿಳಿಸಬೇಕಾದವರಿಗೆ ತಿಳಿಸುತ್ತೇನೆ, ತುರ್ತಿಗೆ ಕರೆಯಬೇಕಾದವರ ಹೆಸರು ಇದು. ನಿಮ್ಮ ನಾಡಿನ ಕಾನೂನು ಏನು ಹೇಳುತ್ತದೆ ಅಂತ ವಕೀಲರನ್ನು ಒಮ್ಮೆ ಕೇಳಿ ಅದನ್ನು ಬರೆಯಿರಿ.

ಮಾತಾಡುತ್ತಿರುವಾಗಲೇ ಅವರ ಕಣ್ಣು ಒಂದೆಡೆ ನೆಟ್ಟು ನಿಂತರೆ, ದನಿ ದೂರದಿಂದ ಬಂದಂತಾದರೆ, ಕೇಳಿದ ಪ್ರಶ್ನೆ ಅವರಿಗೆ ತಲುಪದಿದ್ದರೆ, ಅಲ್ಲಿಗೆ ವಿಷಯ ನಿಲ್ಲಿಸಿ. ಮುಟ್ಟಬೇಡಿ. ಅವರ ಹೆಸರು ಹಿಡಿದು ಮೆಲ್ಲಗೆ ಕರೆಯಿರಿ. ಪಾದ ನೆಲಕ್ಕೆ ಒತ್ತಲು ಹೇಳಿ, ಕೋಣೆಯಲ್ಲಿ ಕಾಣುವ ಐದು ವಸ್ತು ಹೆಸರಿಸಲು ಹೇಳಿ, ಇವತ್ತು ಯಾವ ವಾರ ಅಂತ ಕೇಳಿ. ಅವರು ಪೂರ್ತಿ ಮರಳಿದ ಮೇಲೂ ಅದೇ ವಿಷಯಕ್ಕೆ ಅಂದು ವಾಪಸ್ ಹೋಗಬೇಡಿ. ಇಂಥದ್ದು ಮತ್ತೆ ಮತ್ತೆ ಆದರೆ ಅವರಿಗೆ ಬೇಕಿರುವುದು ಥೆರಪಿಸ್ಟ್.

ಪ್ರಶ್ನೆ: ಒಂದು ವರ್ಷದಿಂದ ಕೋಚ್ ಆಗಿದ್ದೇನೆ. ಒಬ್ಬರು ರಾತ್ರಿ ಹನ್ನೊಂದರ ಮೇಲೆ ಪದೇ ಪದೇ ಮೆಸೇಜ್ ಮಾಡುತ್ತಾರೆ. ಉತ್ತರಿಸದಿದ್ದರೆ ‘ನೀವೂ ಎಲ್ಲರಂತೆ ಕೈಬಿಟ್ಟಿರಿ’ ಅನ್ನುತ್ತಾರೆ. ನನಗೀಗ ಅವರ ಕತೆಯೇ ಕನಸಿಗೆ ಬರುತ್ತಿದೆ.

ಉತ್ತರ: ಮೊದಲು ನಿಮ್ಮ ಕನಸಿನ ವಿಷಯ. ಬೇರೆಯವರ ಆಘಾತವನ್ನು ಕೇಳಿ ಕೇಳಿ ಕೇಳುವವರ ಒಳಗೂ ಅದು ಇಳಿಯುತ್ತದೆ ಅನ್ನುವುದಕ್ಕೆ ಮಕ್ಯಾನ್ ಮತ್ತು ಪರ್ಲ್‌ಮನ್ ಎಂಬ ಮನಶ್ಶಾಸ್ತ್ರಜ್ಞರು 1990ರಲ್ಲೇ ಹೆಸರು ಕೊಟ್ಟಿದ್ದಾರೆ. ಇದು ನಿಮ್ಮ ದೌರ್ಬಲ್ಯವಲ್ಲ. ಆದರೆ ಈ ವಾರವೇ ಸೂಪರ್‌ವೈಸರ್ ಬಳಿ ಹೋಗಬೇಕಾದ ಸೂಚನೆ ಹೌದು.

ಅವರಿಗೆ ಮೆಸೇಜಿನಲ್ಲಿ ಉತ್ತರಿಸಬೇಡಿ, ಮುಂದಿನ ಸೆಷನ್‌ನ ಆರಂಭದಲ್ಲೇ ಹೇಳಿ: ‘ರಾತ್ರಿ ನಾನು ಮೆಸೇಜ್ ನೋಡುವುದಿಲ್ಲ. ಬೆಳಿಗ್ಗೆ ಹತ್ತಕ್ಕೆ ನೋಡುತ್ತೇನೆ, ತಪ್ಪಿಸುವುದಿಲ್ಲ. ರಾತ್ರಿ ತೀರಾ ಕಷ್ಟವಾದರೆ ಯಾರಿಗೆ ಕರೆ ಮಾಡಬೇಕು ಅಂತ ಇವತ್ತೇ ಇಬ್ಬರೂ ಕೂತು ಬರೆಯೋಣ.’ ಆ ಪಟ್ಟಿಯಲ್ಲಿ ಸಹಾಯವಾಣಿಯೂ ಇರಲಿ. ಅವರಿಗೆ ಸಿಟ್ಟು ಬರಬಹುದು, ಬರಲಿ. ಮಾತು ಕೊಟ್ಟಂತೆ ದಿನಾ ಹತ್ತಕ್ಕೆ ನೀವು ಸಿಕ್ಕರೆ, ಬಾಲ್ಯದಲ್ಲಿ ಅವರಿಗೆ ಸಿಗದಿದ್ದ ಒಂದು ವಸ್ತು ಸಿಕ್ಕಂತೆ. ಹಗಲೊಂದು ರಾತ್ರಿಯೊಂದು ನಡೆಯುವವರನ್ನು ಅವರು ಆಗಲೇ ಬೇಕಾದಷ್ಟು ಕಂಡಿದ್ದಾರೆ. ಮೆಸೇಜಿನಲ್ಲಿ ಸಾಯುವ ಮಾತಿದ್ದರೆ ಮಾತ್ರ ಈ ಯಾವುದನ್ನೂ ಕಾಯಬೇಡಿ, ಕಂಡ ಕೂಡಲೇ ತುರ್ತು ನೆರವು ಕರೆಯಿರಿ.

ಪ್ರಶ್ನೆ: ‘ನನಗೆ ಬಾಲ್ಯದ ಐದಾರು ವರ್ಷ ನೆನಪೇ ಇಲ್ಲ, ಏನೋ ಆಗಿರಬೇಕು, ನೆನಪಿಸಿಕೊಳ್ಳಲು ಸಹಾಯ ಮಾಡಿ’ ಅಂತ ಒಬ್ಬರು ಬಂದಿದ್ದಾರೆ. ಏನು ಮಾಡಲಿ?

ಉತ್ತರ: ಅಗೆಯಬೇಡಿ. ನೆನಪಿನ ಬಗ್ಗೆ ಸಂಶೋಧನೆ ಮಾಡುವ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ 1995ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚಿಕ್ಕವರಿದ್ದಾಗ ಅಂಗಡಿಗಳ ಸಂಕೀರ್ಣದಲ್ಲಿ ಕಳೆದುಹೋಗಿದ್ದಿರಿ ಎಂಬ ಸುಳ್ಳು ಘಟನೆಯನ್ನು 24 ಜನರಿಗೆ ಹೇಳಲಾಯಿತು. ಅವರಲ್ಲಿ ಕಾಲುಭಾಗದಷ್ಟು ಜನ ಅದನ್ನು ಪೂರ್ತಿಯಾಗಿಯೋ ಅರ್ಧವೋ ‘ನೆನಪಿಸಿಕೊಂಡರು’. ನಂಬಿಕೆಯವರು ಒತ್ತಿ ಕೇಳಿದರೆ ಮನಸ್ಸು ನೆನಪನ್ನು ಕಟ್ಟಿಯೂ ಕೊಡುತ್ತದೆ. ನಿಜವಾದ ನೆನಪೇ ಬಂದರೂ, ಅದನ್ನು ತಾಳಿಕೊಳ್ಳುವ ಬಲ ಬರುವ ಮೊದಲೇ ಬಂದರೆ ಅವರು ಕುಸಿಯಬಹುದು.

ಹಾಗಂತ ಅವರ ಮಾತನ್ನು ಅನುಮಾನಿಸಬೇಡಿ, ‘ಏನೂ ಆಗಿರಲಿಕ್ಕಿಲ್ಲ’ ಅಂತಲೂ ಅನ್ನಬೇಡಿ. ಅವರಿಗೆ ಹೀಗೆ ಹೇಳಿ: ‘ಏನಾಯಿತು ಅಂತ ಗೊತ್ತಿಲ್ಲದೆಯೂ ಇವತ್ತಿನ ನಿಮ್ಮ ಭಯ ನಿಜ. ಅದರ ಜೊತೆ ನಾವಿಬ್ಬರೂ ಕೆಲಸ ಮಾಡಬಹುದು. ನೆನಪಿನ ಪ್ರಶ್ನೆಗೆ ನನಗಿಂತ ತಿಳಿದವರೊಬ್ಬರಿದ್ದಾರೆ, ಅವರ ಹತ್ತಿರ ಹೋಗುವುದಾದರೆ ಮೊದಲ ಫೋನ್ ಮಾಡುವಾಗ ನಾನು ನಿಮ್ಮ ಪಕ್ಕದಲ್ಲಿ ಕೂತಿರುತ್ತೇನೆ.’